ಮತ್ತೆ ಒಂದರಿಂದ

ಭತ್ತ ಅಳೆಯುವ ಹಿರಿಯರು ಮೊದಲ ಸೇರನ್ನು ಸುರಿಯುವಾಗ 'ಒಂದು' ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದರು. ಎರಡು, ಮೂರು, ನಾಲ್ಕು ಎಂಬ ಮಾತು ಅದರ ತರುವಾಯ. ಎಣಿಕೆಯ ಮೊದಲ ಅಂಕಿಗೆ ನಮ್ಮವರು ಸಲ್ಲಿಸುತ್ತಿದ್ದ ಗೌರವ ಅಂಥದು. ಮದುವೆಯ ಮನೆಯಲ್ಲಿ ಉಡುಗೊರೆ ಕೊಡುವಾಗ ನೂರರ ಮೇಲೆ ಒಂದು ರೂಪಾಯಿಯನ್ನು ಇಡದಿದ್ದರೆ ಮನೆಯ ಹೆಂಗಸರಿಗೆ ಇಂದಿಗೂ ಸಮಾಧಾನವಿಲ್ಲ. ಹೊಸ ಲೆಕ್ಕದ ಪುಸ್ತಕಕ್ಕೆ ಅರಸಿನ ಕುಂಕುಮ ಹಚ್ಚಿ, ಮೊದಲ ಪುಟದ ನೆತ್ತಿಯಲ್ಲಿ ಶ್ರೀಕಾರ ಬರೆದು, ಅದರ ಕೆಳಗೆ 'ಕ್ರಮಸಂಖ್ಯೆ 1' ಎಂದು ಬರೆಯುವ ಸಂತೋಷವನ್ನು ಬಲ್ಲವರೇ ಬಲ್ಲರು. ಹಳೆಯ ಪುಸ್ತಕದ ಗೀಚು, ಹೊಡೆದುಹಾಕಿದ ಸಾಲು, ಕೂಡಿಸುವಾಗ ತಪ್ಪಿದ ಮೊತ್ತ ಎಲ್ಲವೂ ಹಿಂದೆ ಉಳಿದವು, ಇನ್ನು ಮುಂದೆ ಎಲ್ಲವೂ ನೇರವಾಗಿ ನಡೆಯುವುದು ಎಂಬ ಆಸೆ ಆ ಒಂದರಲ್ಲಿ ಅಡಗಿದೆ.

ಈಗ ಲೆಕ್ಕದ ಪುಸ್ತಕ ಅಂಗೈಯಗಲದ ಫೋನಿನೊಳಕ್ಕೆ ಇಳಿದಿದೆ. ಆದರೆ ಒಂದರ ಮೇಲಣ ಮಮತೆ ಇಳಿದಿಲ್ಲ. ಮೊಬೈಲ್ ಆ್ಯಪುಗಳನ್ನು ಬರೆಯಲು ಕಲಿಯುವ ಎಳೆಯರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯೊಂದುಂಟು: ಸಾಲುಗಳಿಗೆ ತಾನಾಗಿ ಬೀಳುವ ಕ್ರಮಸಂಖ್ಯೆಯನ್ನು ಮತ್ತೆ ಒಂದರಿಂದ ಆರಂಭಿಸುವುದು ಹೇಗೆ? 'ಹೇಗೆ' ಎಂಬುದಕ್ಕೆ ಉತ್ತರ ಒಂದೇ ಸಾಲಿನದು. 'ಯಾವಾಗ ಮಾಡಬಹುದು, ಯಾವಾಗ ಕೂಡದು' ಎಂಬುದಕ್ಕೆ ಉತ್ತರ ಸ್ವಲ್ಪ ಉದ್ದವಾದುದು. ಈ ವಾರ ಅದನ್ನೇ ವಿಚಾರಿಸೋಣ.

ಬೈಂದೂರು ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಅವನ ಸೋದರಮಾವ ಕುಂದಾಪುರದ ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟವರು. ಗಿರಾಕಿಗಳು ಯಾರು, ಯಾರು ಎಷ್ಟು ಕಡ ಬರೆಸಿದ್ದಾರೆ, ಯಾರು ಎಷ್ಟು ತೀರಿಸಿದ್ದಾರೆ ಎಂಬ ಲೆಕ್ಕವನ್ನು ಇಡಲು ಅಳಿಯ ಮಾವನಿಗೆಂದು ಪುಟ್ಟ ಆ್ಯಪೊಂದನ್ನು ಬರೆದುಕೊಟ್ಟ. ಬರೆಯುವಾಗ ಪರೀಕ್ಷೆಗೆಂದು ರಾಮ, ಭೀಮ, ಸೋಮ ಎಂದು 214 ಸುಳ್ಳು ಹೆಸರುಗಳನ್ನು ತುಂಬಿ, ಕೊನೆಗೆ ಎಲ್ಲವನ್ನೂ ಅಳಿಸಿದ್ದ. ಅಂಗಡಿಯಲ್ಲಿ ದೀಪ ಹಚ್ಚಿ ಮೊದಲ ಗಿರಾಕಿಯ ಹೆಸರನ್ನು ಬರೆದಾಗ ತೆರೆಯ ಮೇಲೆ ಮೂಡಿದ ಸಂಖ್ಯೆ 215!

ಮಾವನ ಮುಖ ಬಾಡಿತು. "ಇದೆಂತದ್ ಮಾರಾಯಾ, ಸುರುವಿಗೇ ಇನ್ನೂರ ಹದಿನೈದಾ? ಒಂದ್ರಿಂದ ಬರ್ಕ್" ಎಂದರು. "ಎಲ್ಲ ಅಳಿಸಿದ್ದೇ ಮಾವ, ಆದ್ರೂ ಅದಕ್ಕೆ ನೆನಪ್ ಉಂಟ್" ಎಂದ ಅಳಿಯ.

ಅವನ ಮಾತು ಸರಿಯೇ ಆಗಿತ್ತು. ಇಂಥ ಆ್ಯಪುಗಳ ಒಳಗೆ ಕುಳಿತು ಲೆಕ್ಕ ಬರೆಯುವ ಗುಮಾಸ್ತನ ಹೆಸರು ಎಸ್‌ಕ್ಯೂಲೈಟ್. ಡಿ. ರಿಚರ್ಡ್ ಹಿಪ್ ಎಂಬ ಅಮೆರಿಕದ ತಂತ್ರಜ್ಞರು ಅಲ್ಲಿನ ನೌಕಾಪಡೆಯ ಹಡಗಿಗೆ ಸಂಬಂಧಿಸಿದ ಕೆಲಸವೊಂದರಲ್ಲಿ ತೊಡಗಿದ್ದಾಗ ಇದರ ಆವಶ್ಯಕತೆಯನ್ನು ಕಂಡು, 2000ದಲ್ಲಿ ಇದನ್ನು ರಚಿಸಿ, ಯಾರು ಬೇಕಾದರೂ ದುಡ್ಡಿಲ್ಲದೆ ಬಳಸಿಕೊಳ್ಳಲಿ ಎಂದು ಲೋಕಕ್ಕೆ ಬಿಟ್ಟುಕೊಟ್ಟರು. ಹಡಗಿಗಾಗಿ ಚಿಂತಿಸಿದ್ದು ಇಂದು ಆಂಡ್ರಾಯ್ಡ್ ಫೋನು, ಐಫೋನು ಎನ್ನದೆ ಎಲ್ಲರ ಜೇಬಿನಲ್ಲಿಯೂ ಇದೆ. ಗಂಗೊಳ್ಳಿಯ ದೋಣಿಯವರ ಜೇಬಿನಲ್ಲಿಯೂ ಉಂಟು, ಬ್ರಹ್ಮಾವರದ ಮೇಷ್ಟರ ಜೇಬಿನಲ್ಲಿಯೂ ಉಂಟು.

ಈ ಗುಮಾಸ್ತನಿಗೆ ಎರಡು ಸ್ವಭಾವಗಳಿವೆ. ಮೊದಲನೆಯದು ಸರಳ. ಹೊಸ ಸಾಲು ಬಂದಾಗ, ಪುಸ್ತಕದಲ್ಲಿ ಈಗ ಇರುವ ಸಂಖ್ಯೆಗಳಲ್ಲಿ ದೊಡ್ಡದು ಯಾವುದೆಂದು ನೋಡಿ ಅದಕ್ಕೆ ಒಂದನ್ನು ಕೂಡಿಸುತ್ತಾನೆ. ಪುಸ್ತಕ ಬರಿದಾಗಿದ್ದರೆ ಒಂದರಿಂದ ತೊಡಗುತ್ತಾನೆ. ಈ ಸ್ವಭಾವದಲ್ಲಿ ಒಂದು ಕುಂದುಂಟು. ಕೊನೆಯ ಸಾಲಿನಲ್ಲಿ 50ನೆಯವರಿದ್ದು ಅವರ ಹೆಸರನ್ನು ಇಂದು ಅಳಿಸಿದರೆ, ನಾಳೆ ಬಂದವರಿಗೂ 50 ಎಂಬ ಸಂಖ್ಯೆಯೇ ಬೀಳುತ್ತದೆ. ಹಿಂದಿನ 50ರವರು ಯಾರೆಂಬುದು ಗುಮಾಸ್ತನಿಗೆ ನೆನಪಿಲ್ಲ.

ಎರಡನೆಯ ಸ್ವಭಾವ ಬೇಕೆಂದರೆ ಪುಸ್ತಕವನ್ನು ಹಾಕಿಸುವಾಗಲೇ 'ಆಟೋಇನ್‌ಕ್ರಿಮೆಂಟ್' ಎಂಬ ಶಬ್ದವನ್ನು ಸೇರಿಸಬೇಕು. ಆಗ ಗುಮಾಸ್ತ ತನ್ನ ಮಗ್ಗುಲಲ್ಲಿ 'ಎಸ್‌ಕ್ಯೂಲೈಟ್ ಸೀಕ್ವೆನ್ಸ್' ಎಂಬ ಇನ್ನೊಂದು ಚಿಕ್ಕ ಪುಸ್ತಕವನ್ನು ಇಟ್ಟುಕೊಳ್ಳುತ್ತಾನೆ. ಯಾವ ಪುಸ್ತಕದಲ್ಲಿ ಇದುವರೆಗೆ ಕೊಟ್ಟ ಅತಿ ದೊಡ್ಡ ಸಂಖ್ಯೆ ಎಷ್ಟು ಎಂಬುದು ಅದರಲ್ಲಿ ಬರೆದಿರುತ್ತದೆ. ದೊಡ್ಡ ಪುಸ್ತಕದ ಸಾಲುಗಳನ್ನೆಲ್ಲ ಅಳಿಸಿದರೂ ಚಿಕ್ಕ ಪುಸ್ತಕದ ಆ ಅಂಕಿ ಅಳಿಯುವುದಿಲ್ಲ. ಒಮ್ಮೆ ಒಬ್ಬರಿಗೆ ಕೊಟ್ಟ ಸಂಖ್ಯೆಯನ್ನು ಇನ್ನೊಬ್ಬರಿಗೆ ಕೊಡಬಾರದೆಂಬುದು ಇದರ ಉದ್ದೇಶ. 214 ಸುಳ್ಳು ಹೆಸರುಗಳನ್ನು ಅಳಿಸಿದ ಮೇಲೆಯೂ 215 ಬಂದದ್ದು ಈ ಕಾರಣದಿಂದ.

ಹೀಗೆ ಸಂಖ್ಯೆ ಏರುತ್ತಲೇ ಹೋದರೆ ಎಂದಾದರೂ ಮುಗಿದುಹೋಗದೆ ಎಂದು ಗೃಹಿಣಿಯರು ಕೇಳಬಹುದು. ಈ ಗುಮಾಸ್ತ ಎಣಿಸಬಲ್ಲ ಕೊನೆಯ ಸಂಖ್ಯೆ 9223372036854775807, ಹತ್ತೊಂಬತ್ತು ಅಂಕಿಗಳದು. ಸೆಕೆಂಡಿಗೆ ಸಾವಿರ ಸಾಲುಗಳನ್ನು ಬರೆಯುತ್ತ ಹೋದರೂ ಅದು ತುಂಬಲು ಇಪ್ಪತ್ತೊಂಬತ್ತು ಕೋಟಿ ವರ್ಷಗಳು ಬೇಕು. ಕುಂದಾಪುರದ ಅಂಗಡಿಗೆ ಸಾಕಾದೀತು.

ಇನ್ನು ಅಳಿಯ ಮಾಡಿದ ಚಿಕಿತ್ಸೆ. ಮೊದಲು ಇಡೀ ದತ್ತಸಂಚಯದ ಪ್ರತಿಯೊಂದನ್ನು ತೆಗೆದು ಬೇರೆಡೆ ಇಟ್ಟ. ಆಮೇಲೆ ಗಿರಾಕಿಗಳ ಪುಸ್ತಕದ ಸಾಲುಗಳನ್ನು ಅಳಿಸಿ, ಜೊತೆಗೆ ಚಿಕ್ಕ ಪುಸ್ತಕದಲ್ಲಿ ಆ ಪುಸ್ತಕದ ಹೆಸರಿನ ಮುಂದಿದ್ದ ಸಾಲನ್ನೂ ಅಳಿಸುವಂತೆ ಆಜ್ಞೆ ಕೊಟ್ಟ. ಆ ಸಾಲಿನ ಅಂಕಿಯನ್ನು ಸೊನ್ನೆ ಮಾಡಿದರೂ ಫಲ ಒಂದೇ. ಎರಡು ಕೆಲಸಗಳನ್ನೂ ಒಂದೇ ವ್ಯವಹಾರವಾಗಿ ಕಟ್ಟಿದರೆ, ನಡುವೆ ಫೋನು ಆರಿಹೋದರೂ ಅರ್ಧ ಆಗಿ ಅರ್ಧ ಉಳಿಯುವ ಭಯವಿಲ್ಲ. ಬೇರೆ ಕೆಲವು ದತ್ತಸಂಚಯಗಳಲ್ಲಿ 'ಟ್ರಂಕೇಟ್' ಎಂಬ ಒಂದೇ ಆಜ್ಞೆ ಎರಡನ್ನೂ ಮಾಡುತ್ತದೆ. ಎಸ್‌ಕ್ಯೂಲೈಟಿನಲ್ಲಿ ಆ ಆಜ್ಞೆ ಇಲ್ಲ. ಪುಸ್ತಕವನ್ನೇ ಕಿತ್ತುಹಾಕಿ ಹೊಸದಾಗಿ ಹಾಕಿಸಿದರೆ ಅದರ ನೆನಪೂ ತಾನಾಗಿ ಹೋಗುತ್ತದೆ. ಆ್ಯಪನ್ನೇ ಫೋನಿನಿಂದ ತೆಗೆದು ಮತ್ತೆ ಹಾಕುವುದು ಇನ್ನೊಂದು ದಾರಿ; ಅದು ಇಲಿಯನ್ನು ಹಿಡಿಯಲು ಮನೆಗೆ ಬೆಂಕಿ ಹಚ್ಚಿದಂತೆ.

ಇಲ್ಲಿ ಒಂದು ಸಮಾಧಾನದ ವಿಷಯವಿದೆ. ಪುಸ್ತಕದಲ್ಲಿ ಸಾಲುಗಳಿರುವಾಗಲೇ ಯಾರಾದರೂ ದುಡುಕಿ ಚಿಕ್ಕ ಪುಸ್ತಕದ ಅಂಕಿಯನ್ನು ಸೊನ್ನೆ ಮಾಡಿದರೆ, ಗುಮಾಸ್ತ ಇರುವವರ ಸಂಖ್ಯೆಯನ್ನು ಕಸಿದು ಹೊಸಬರಿಗೆ ಕೊಡುವುದಿಲ್ಲ. ಇರುವುದರಲ್ಲಿ ದೊಡ್ಡದನ್ನು ನೋಡಿ ಮುಂದಿನದನ್ನೇ ಕೊಡುತ್ತಾನೆ. ಅಪಾಯ ಇರುವುದು ಇರುವವರಿಗಲ್ಲ. ಹೋದವರು ಬಿಟ್ಟುಹೋದ ಗುರುತುಗಳಿಗೆ.

ಅಂದು ಅಂಗಡಿಯಲ್ಲಿ ಸಂಖ್ಯೆ ಒಂದಕ್ಕೆ ಮರಳಿತು. ಮಾವನ ಮುಖವೂ ಅರಳಿತು. ಅದರಿಂದ ಯಾರಿಗೂ ಏನೂ ನಷ್ಟವಾಗಲಿಲ್ಲ. ಆ 214 ಹೆಸರುಗಳು ಹೊರಗಿನವರ ಕಣ್ಣಿಗೆ ಬಿದ್ದಿರಲಿಲ್ಲ. ಒಂದು ಚೀಟಿಯೂ ಯಾರ ಕೈಗೂ ಹೋಗಿರಲಿಲ್ಲ. ತೊಟ್ಟಿಲಿಗೆ ಬರುವ ಮೊದಲು ಮಗುವಿಗೆ ನಾಲ್ಕು ಹೆಸರುಗಳನ್ನು ಯೋಚಿಸಿ ಬಿಟ್ಟರೆ ಯಾರು ಆಕ್ಷೇಪಿಸುತ್ತಾರೆ?

ಕಷ್ಟ ಬಂದದ್ದು ಮುಂದಿನ ದೀಪಾವಳಿಗೆ, 2024ರಲ್ಲಿ. ಅಂಗಡಿ ಪೂಜೆಯ ದಿನ ಮಾವ, "ಹಳೆ ಲೆಕ್ಕ ಎಲ್ಲ ತೀರ್ತ್. ಹೊಸ ವರ್ಷದ್ ಲೆಕ್ಕ ಒಂದ್ರಿಂದ ಆಯ್ಕ್" ಎಂದರು. ಅಳಿಯನಿಗೆ ಉಪಾಯ ಗೊತ್ತಿತ್ತಷ್ಟೆ? ಗಿರಾಕಿಗಳ ಪುಸ್ತಕವನ್ನು ಅಳಿಸಿದ, ಎಣಿಕೆಯನ್ನು ಸೊನ್ನೆ ಮಾಡಿದ, ಹೂವು ಏರಿಸಿದ ಫೋನನ್ನು ಮಾವನ ಕೈಗೆ ಕೊಟ್ಟ. ಆದರೆ ಕಡದ ಸಾಲುಗಳು ಬೇರೊಂದು ಪುಸ್ತಕದಲ್ಲಿದ್ದವು. ಅಲ್ಲಿ ಗಿರಾಕಿಯ ಹೆಸರಿರಲಿಲ್ಲ. ಗಿರಾಕಿಯ ಸಂಖ್ಯೆ ಮಾತ್ರ ಇತ್ತು. ಮಾವ ತೀರಿತೆಂದುಕೊಂಡ ಲೆಕ್ಕದಲ್ಲಿ ತೀರದ ನಾಲ್ಕಾರು ಸಾಲುಗಳು ಅಲ್ಲಿ ಉಳಿದಿದ್ದವು. ಒಡೆಯನಿಲ್ಲದ ಸಾಲನ್ನು ಉಳಿಸಗೊಡದ ಕಾವಲೊಂದು ಎಸ್‌ಕ್ಯೂಲೈಟಿನಲ್ಲಿ ಉಂಟು. ಆದರೆ ಅದು ಮೊದಲಿನಿಂದ ಮುಚ್ಚಿದ ಸ್ಥಿತಿಯಲ್ಲಿರುತ್ತದೆ. ಆ್ಯಪು ಬರೆಯುವವನೇ ಅದನ್ನು ತೆರೆಯಬೇಕು. ಇವನು ತೆರೆದಿರಲಿಲ್ಲ.

ಹಬ್ಬ ಕಳೆದು ಎರಡು ದಿನಗಳಿಗೆ ಗೇರುಬೀಜದ ಕಾರ್ಖಾನೆಗೆ ಹೋಗುವ ಹೆಂಗಸೊಬ್ಬರು ಅಂಗಡಿಗೆ ಬಂದರು. ಆ ಕೇರಿಗೆ ಹೊಸಬರು. ಐದು ಕಿಲೋ ಅಕ್ಕಿ, ತೊಗರಿಬೇಳೆ, ತೆಂಗಿನೆಣ್ಣೆ ಕಟ್ಟಿಸಿ, ಶನಿವಾರ ಸಂಬಳವಾದ ಕೂಡಲೇ ಕೊಡುತ್ತೇನೆ, ಬರೆದುಕೊಳ್ಳಿ ಎಂದರು. ಮಾವ ಹೆಸರು ಬರೆದರು. ಸಂಖ್ಯೆ ಒಂದು. ಬರೆದ ಒಡನೆಯೆ ತೆರೆಯ ಮೇಲೆ ಹಳೆಯ ಬಾಕಿ ಎಂದು ಮೂರು ಸಾವಿರದ ನಾನೂರ ಅರುವತ್ತು ರೂಪಾಯಿ ಮೂಡಿತು. "ಹಳೆ ಬಾಕಿ ಉಂಟಲ್ದೇ ನಿಮ್ಮದ್?" ಎಂದು ಮಾವ ಕೇಳಿಯೇಬಿಟ್ಟರು, ಅಂಗಡಿಯ ಮುಂದೆ ನಾಲ್ಕೈದು ಜನ ನಿಂತಿದ್ದರು. ಆಕೆ ಒಂದು ಗಳಿಗೆ ಮಾತಾಡಲಿಲ್ಲ. "ನಾನ್ ಈ ಅಂಗ್ಡಿ ಮೆಟ್ಲ್ ಹತ್ತಿದ್ದೇ ಇವತ್ತ್" ಎಂದವರು ಚೀಲವನ್ನು ಹಲಗೆಯ ಮೇಲೆಯೇ ಬಿಟ್ಟು ಇಳಿದು ಹೋದರು.

ಮಾವನ ಆಸ್ತಿ ಅಳಿಯನಿಗೆ ಬರುವ ಕಟ್ಟಳೆಯನ್ನು ನಮ್ಮ ಕರಾವಳಿ ಬಲ್ಲದು. ಊರುಬಿಟ್ಟು ಹೋದ ಯಾರದೋ ಸಾಲ, ಸಂಬಂಧವೇ ಇಲ್ಲದ ಬಡ ಹೆಂಗಸಿಗೆ ಬರುವ ಕಟ್ಟಳೆಯನ್ನು ಬರೆದವರು ಯಾರೂ ಇಲ್ಲ. ಅದು ಎರಡು ಒಂದುಗಳ ನಡುವೆ ತಾನಾಗಿ ಹುಟ್ಟಿತು. ಮಾವ ಹಳೆಯ ಕಾಗದಗಳನ್ನು ಹುಡುಕಿ ನಿಜವನ್ನು ತಿಳಿದು, ತಾವೇ ಆಕೆಯ ಮನೆಗೆ ಹೋಗಿ ಹೇಳಿಕೊಂಡು ಬಂದರಂತೆ. ಆಕೆ ಈಗಲೂ ಆ ಅಂಗಡಿಗೆ ಬರುತ್ತಾರೆ. ಆದರೆ ಕಡ ಬರೆಸುವುದಿಲ್ಲ; ದುಡ್ಡು ಇದ್ದ ದಿನ ಕೊಳ್ಳುತ್ತಾರೆ, ಇಲ್ಲದ ದಿನ ಬರುವುದಿಲ್ಲ. ಇದನ್ನು ಹೇಳುವಾಗ ನನ್ನ ಶಿಷ್ಯನ ದನಿ ತಗ್ಗಿತ್ತು.

ಇಲ್ಲಿ ನಾವು ತಿಳಿಯಬೇಕಾದ ತತ್ತ್ವ ಒಂದೇ. ಅಂಕಿಗೆ ಎರಡು ಉದ್ಯೋಗಗಳಿವೆ. ಎಷ್ಟು ಎಂದು ಹೇಳುವುದು ಒಂದು. ಯಾರು ಎಂದು ಹೇಳುವುದು ಇನ್ನೊಂದು. ಬುಟ್ಟಿಯಲ್ಲಿ 12 ಮಾವಿನಹಣ್ಣು ಎಂಬಲ್ಲಿ 12 ಎಣಿಕೆ. ಬಾಗಿಲ ಮೇಲೆ 12 ಎಂದಿದ್ದರೆ ಅದು ಆ ಮನೆಯ ಹೆಸರು. ಎಣಿಕೆಯನ್ನು ದಿನಕ್ಕೆ ಹತ್ತು ಸಲ ಒಂದರಿಂದ ಆರಂಭಿಸಬಹುದು. ಹೆಸರನ್ನು ಹಾಗೆ ಆರಂಭಿಸಲಾಗದು. ಕ್ರಮಸಂಖ್ಯೆ ಎಣಿಕೆಯ ವೇಷದಲ್ಲಿ ಹುಟ್ಟಿ, ಹೊರಗಿನವರ ಕೈಗೆ ಹೋದೊಡನೆ ಹೆಸರಾಗಿಬಿಡುತ್ತದೆ. ತೊಡಕೆಲ್ಲ ಅಲ್ಲಿಯೇ ಇದೆ.

ಹಾಗಾದರೆ ಒಂದರಿಂದ ಆರಂಭಿಸುವ ಸುಖವನ್ನು ಬಿಟ್ಟೇಬಿಡಬೇಕೆ? ಬೇಕಾಗಿಲ್ಲ. ನಮ್ಮ ಪೂರ್ವಿಕರು ಇದಕ್ಕೆ ಸೊಗಸಾದ ಉಪಾಯವನ್ನು ಕಂಡುಕೊಂಡಿದ್ದರು. ಅದನ್ನು ನೋಡಬೇಕಾದರೆ ಇಂದು ಬ್ರಹ್ಮಾವರ ತಾಲೂಕಿಗೆ ಸೇರಿರುವ ಬಾರಕೂರಿಗೆ ಹೋಗಬೇಕು. ಆಳುಪರ ರಾಜಧಾನಿಯಾಗಿ, ಮುಂದೆ ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರವಾಗಿ ಮೆರೆದ ಊರು ಅದು. ಆ ಕಾಲದ ದಾನಶಾಸನಗಳಲ್ಲಿ ಕಾಲವನ್ನು ಹೇಳುವ ಕ್ರಮವನ್ನು ಗಮನಿಸಿ. ಶಾಲಿವಾಹನ ಶಕ ಇಷ್ಟನೆಯ ವರ್ಷ ಎಂದು ಮೊದಲು. ಇಂಥ ಸಂವತ್ಸರ ಎಂದು ಅದರ ಬೆನ್ನಿಗೆ. ಸಂವತ್ಸರಗಳು ಪ್ರಭವದಿಂದ ಅಕ್ಷಯದವರೆಗೆ ಅರುವತ್ತು; ಅರುವತ್ತು ಮುಗಿದರೆ ಮತ್ತೆ ಪ್ರಭವ, ಮತ್ತೆ ಒಂದು. ಶಕವರ್ಷ ಮಾತ್ರ ಎಂದೂ ಹಿಂದಕ್ಕೆ ಹೋಗದೆ ಏರುತ್ತಲೇ ಇರುತ್ತದೆ. 1965ರ ಯುಗಾದಿಗೆ ತೊಡಗಿದ್ದು ವಿಶ್ವಾವಸು. 2025ರ ಯುಗಾದಿಗೆ ತೊಡಗಿದ್ದೂ ವಿಶ್ವಾವಸುವೇ. ಹೆಸರು ಒಂದೇ ಆದರೂ ಮೊದಲನೆಯದು ಶಕ 1887, ಎರಡನೆಯದು ಶಕ 1947, ಕಲಸಿಹೋಗಲು ಎಡೆಯಿಲ್ಲ. ಮನೆಯಲ್ಲಿ ಷಷ್ಟ್ಯಬ್ದಿ ಮಾಡಿಕೊಂಡ ಅಜ್ಜನಿಗೆ ಹುಟ್ಟಿದ ಸಂವತ್ಸರ ಮರಳಿ ಬಂದಿತೆಂಬ ಸಂತೋಷ. ವಯಸ್ಸು ಅರುವತ್ತಾಯಿತೆಂಬ ಲೆಕ್ಕವೂ ಸರಿ.

ಇದರಲ್ಲಿ ಇನ್ನೊಂದು ಪ್ರಯೋಜನವೂ ಇದೆ. ಕೆತ್ತುವವನ ಕೈತಪ್ಪಿನಿಂದ ಶಕವರ್ಷದ ಅಂಕಿ ತಪ್ಪಿದ್ದರೆ, ಸಂವತ್ಸರದ ಹೆಸರಿನೊಡನೆ ಅದು ಹೊಂದುವುದಿಲ್ಲ. ವಿದ್ವಾಂಸರು ಒಡನೆಯೆ ಅದನ್ನು ಹಿಡಿಯುತ್ತಾರೆ. ಶಕವರ್ಷವಿಲ್ಲದೆ ಬರಿಯ ಸಂವತ್ಸರವನ್ನೋ ಅರಸನ ಆಳ್ವಿಕೆಯ ವರ್ಷವನ್ನೋ ಹೇಳುವ ಶಾಸನ ಸಿಕ್ಕರೆ ಅವರ ಪಾಡು ಬೇರೆ. ಅರಸನು ಬದಲಾದಂತೆ ಆಳ್ವಿಕೆಯ ವರ್ಷ ಮತ್ತೆ ಒಂದರಿಂದ ತೊಡಗುತ್ತದೆ; ಅದೇ ಹೆಸರಿನ ಇಬ್ಬರು ಅರಸರಿದ್ದರೆ ಲಿಪಿಯ ವಟ್ಟವನ್ನು ನೋಡಿ ಊಹಿಸುವುದೇ ಗತಿ. ಅಂಗಡಿಯ ಹೆಂಗಸಿಗೆ ಆದದ್ದೇ ಶಾಸನದ ಅರಸನಿಗೂ ಆಗುತ್ತದೆ, ಅಷ್ಟೆ.

ಇದೇ ವಿವೇಕ ನಮ್ಮ ಕಚೇರಿಗಳಲ್ಲಿಯೂ ಉಂಟು. ನ್ಯಾಯಾಲಯದಲ್ಲಿ ದಾವೆಯ ಸಂಖ್ಯೆ ಪ್ರತಿ ವರ್ಷವೂ ಒಂದರಿಂದ ತೊಡಗುತ್ತದೆ. ಆದರೆ ಅದನ್ನು ಬರಿಯ 12 ಎಂದು ಯಾರೂ ಬರೆಯುವುದಿಲ್ಲ, 12/1998 ಎಂದು ಬರೆಯುತ್ತಾರೆ. ಉಡುಪಿ ಜಿಲ್ಲೆಯ ವಾಹನಗಳಿಗೆ 'ಕೆಎ 20' ಎಂಬ ಗುರುತಿದೆ. ಅಂಕಿ 9999ಕ್ಕೆ ಮುಟ್ಟಿದರೆ ನಡುವಣ ಅಕ್ಷರ ಬದಲಾಗಿ ಅಂಕಿ ಮೊದಲಿಗೆ ಮರಳುತ್ತದೆ. 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ನಿಯಮ ಇದನ್ನು ಕಾನೂನನ್ನಾಗಿಯೇ ಮಾಡಿದೆ. ತೆರಿಗೆ ಬಿಲ್ಲಿನ ಸಂಖ್ಯೆ ಅನುಕ್ರಮವಾಗಿರಬೇಕು, ಹದಿನಾರು ಅಕ್ಷರ ಅಂಕಿಗಳನ್ನು ಮೀರಬಾರದು, ಒಂದು ಆರ್ಥಿಕ ವರ್ಷದೊಳಗೆ ಮತ್ತೊಮ್ಮೆ ಬರಬಾರದು. ಅಂದರೆ ಏಪ್ರಿಲ್ ಒಂದಕ್ಕೆ ಒಂದರಿಂದ ಆರಂಭಿಸಲು ಅಡ್ಡಿಯಿಲ್ಲ. ಅದೇ ಸರಣಿಯಲ್ಲಿ ದೀಪಾವಳಿಗೆ ಆರಂಭಿಸಿದರೆ ತಪ್ಪು. ಸರಣಿಗೆ ಬೇರೆ ಅಕ್ಷರ ಕೊಟ್ಟರೆ ಆಗ ದೀಪಾವಳಿಗೂ ಸರಿ. ಮತ್ತೆ ಒಂದು ಬರಲಿ, ಆದರೆ ಹೊಸ ಹೊದಿಕೆಯೊಡನೆ ಬರಲಿ ಎಂಬುದು ಇವೆಲ್ಲದರ ಸಾರ.

ಹೊದಿಕೆ ಬದಲಾಗುವುದಾದರೆ ಅದನ್ನು ಸಾಕಷ್ಟು ಮುಂಚೆ ಸಾರಬೇಕು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು. ಅದರ ಶಾಖೆಗಳ ಸಂಕೇತದ ಮುಂದಿದ್ದ 'ಎಸ್‌ವೈಎನ್‌ಬಿ' ಎಂಬ ನಾಲ್ಕು ಅಕ್ಷರಗಳು 2021ರ ಜುಲೈ 1ರಿಂದ ಚಲಾವಣೆಯಲ್ಲಿ ಉಳಿಯಲಿಲ್ಲ. ಅಲ್ಲಿ 'ಸಿಎನ್‌ಆರ್‌ಬಿ' ಬಂದಿತು. ನಡುವೆ ಒಂದು ವರ್ಷಕ್ಕೂ ಮೀರಿದ ಬಿಡುವಿತ್ತು. ಮುಂಬಯಿಯ ಹೋಟೆಲಿನಲ್ಲಿ ದುಡಿಯುವ ಮಗ ಊರಿಗೆ ಹಣ ಕಳಿಸುವಾಗ ಯಾವ ಅಕ್ಷರಗಳನ್ನು ಬರೆಯಬೇಕೆಂಬುದನ್ನು ತಿಳಿದುಕೊಳ್ಳಲು ಅಷ್ಟು ಕಾಲಾವಕಾಶ ಬೇಕು.

ಹೊಲಗದ್ದೆಯ ಲೆಕ್ಕದಲ್ಲಿ ಇನ್ನೂ ಬಿಗಿಯಾದ ಶಿಸ್ತು ಇದೆ. ಸರ್ವೆ ನಂಬರು 45 ಎಂಬ ಗದ್ದೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡರೆ ಗ್ರಾಮದ ಗದ್ದೆಗಳಿಗೆಲ್ಲ ಹೊಸದಾಗಿ ಸಂಖ್ಯೆ ಹಾಕುವುದಿಲ್ಲ. 45/1, 45/2 ಎಂದು ಹಿಸ್ಸೆ ಮಾಡುತ್ತಾರೆ. 1997ರ ಆಗಸ್ಟಿನಲ್ಲಿ ದಕ್ಷಿಣ ಕನ್ನಡದಿಂದ ಉಡುಪಿ ಜಿಲ್ಲೆ ಬೇರೆಯಾಯಿತು. 2018ರಲ್ಲಿ ಕುಂದಾಪುರ ತಾಲೂಕಿನಿಂದ ಬೈಂದೂರು, ಉಡುಪಿ ತಾಲೂಕಿನಿಂದ ಬ್ರಹ್ಮಾವರ ಬೇರೆ ತಾಲೂಕುಗಳಾದವು. ಪಹಣಿಯ ನೆತ್ತಿಯ ಮೇಲಣ ತಾಲೂಕಿನ ಹೆಸರು ಬದಲಾಯಿತು. ಆ ಕಾರಣಕ್ಕಾಗಿ ಕೆಳಗಣ ಸರ್ವೆ ನಂಬರನ್ನು ಒಂದರಿಂದ ಮತ್ತೆ ಎಣಿಸಲಿಲ್ಲ. ಎಣಿಸಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ. ಪೆಟ್ಟಿಗೆಯ ತಳದಲ್ಲಿ ಅಜ್ಜನ ಕಾಲದ ಕ್ರಯಪತ್ರವನ್ನು ಕಾಪಾಡಿಕೊಂಡು ಬಂದ ಮನೆಗಳಿಗೆಲ್ಲ ನಿದ್ರೆ ಹಾರಿಹೋಗುತ್ತಿತ್ತು. ಪತ್ರದಲ್ಲಿರುವ 45 ನೆರೆಯವರ ಗದ್ದೆಯಾಗಿ ಕುಳಿತಿರುತ್ತಿತ್ತು.

ಕಾಗದವನ್ನು ಮೀರಿದ ಸರದಿಯೂ ನಮ್ಮ ಸೀಮೆಯಲ್ಲಿದೆ. ಬ್ರಹ್ಮಾವರ ತಾಲೂಕಿನ ಮಂದಾರ್ತಿಯ ದುರ್ಗಾಪರಮೇಶ್ವರಿಗೆ ಯಕ್ಷಗಾನದ ಆಟವನ್ನು ಹರಕೆಯಾಗಿ ಹೊರುವ ಸಂಪ್ರದಾಯವನ್ನು ನಮ್ಮವರೆಲ್ಲ ಬಲ್ಲರು. ಅಲ್ಲಿ ಐದು ಮೇಳಗಳಿವೆ. ಆದರೂ ಹರಕೆ ಹೊತ್ತವರು ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಆಟದ ಸರದಿ ಬರುವಷ್ಟರಲ್ಲಿ ಹರಕೆ ಹೊತ್ತ ತಾಯಿ ತೀರಿಕೊಂಡು, ಮಗನು ಚೌಕಿಯಲ್ಲಿ ಕೈಮುಗಿದು ನಿಲ್ಲಬೇಕಾಗಿ ಬರಬಹುದು. ಅಂಥ ಸಾಲಿನಲ್ಲಿ ಕಾಯುವವನಿಗೆ ತನ್ನ ಸರದಿಯ ಅಂಕಿ ಎಂದರೆ ಎಣಿಕೆಯೆ? ಅದು ಕೊಟ್ಟ ಮಾತು.

ಆದರೆ ನಡುವೆ ಸಂಖ್ಯೆಗಳು ಬಿಟ್ಟುಹೋದರೆ ನೋಡಲು ಚೆನ್ನಾಗಿರುವುದಿಲ್ಲ ಎಂಬವರುಂಟು. 1, 2, 3 ಆದ ಮೇಲೆ 7 ಬಂದರೆ ಅವರಿಗೆ ಹಲ್ಲು ಬಿದ್ದ ಬಾಯಿಯನ್ನು ಕಂಡಂತೆ. ಪಾಠ ಹೇಳುವ ವೃತ್ತಿಯಲ್ಲಿರುವ ನನಗೆ ಈ ಖಾಲಿ ಜಾಗದ ಬೆಲೆ ಬೇರೆಯೇ ಆಗಿದೆ. ಒಂದು ವರ್ಷ ನನ್ನ ತರಗತಿಯ 31ನೆಯ ಹುಡುಗ, ತಂದೆ ಕಾಯಿಲೆ ಬಿದ್ದುದರಿಂದ, ಓದನ್ನು ನಡುವೆ ಬಿಟ್ಟು ಮೀನಿನ ದೋಣಿಗೆ ಹೋದ. ಹಾಜರಿ ಕರೆಯುವಾಗ 30ರ ಮೇಲೆ 32 ಎನ್ನುತ್ತಿದ್ದೆ. ಮೊದಲ ಕೆಲವು ದಿನ ಹುಡುಗರು ಆ ಬೆಂಚಿನ ಕಡೆಗೆ ನೋಡುತ್ತಿದ್ದರು. ಆಮೇಲೆ ನೋಡುವುದನ್ನು ಬಿಟ್ಟರು. ಆದರೂ 32ರವನು ತನ್ನ ಸಂಖ್ಯೆಯನ್ನು 31 ಎಂದು ಮಾಡಿಕೊಡಿ ಎಂದು ಕೇಳಲಿಲ್ಲ. ಮಳೆಗಾಲದಲ್ಲಿ ದೋಣಿಗಳು ದಡಕ್ಕೆ ಬಂದಾಗ ಆ ಹುಡುಗ ತನ್ನ ದಾಖಲೆಗಳಿಗಾಗಿ ಕಾಲೇಜಿಗೆ ಬಂದ. ಅವನ ಸಾಲು ಪುಸ್ತಕದಲ್ಲಿ ಅವನದಾಗಿಯೇ ಇತ್ತು. ಹಾಜರಿ, ಅಂಕ, ಶುಲ್ಕ ಎಲ್ಲವೂ ಎರಡು ನಿಮಿಷದಲ್ಲಿ ಸಿಕ್ಕಿತು. ಸಾಲು ಚೆಂದ ಕಾಣಲೆಂದು ಉಳಿದವರನ್ನು ಒಂದೊಂದು ಮೆಟ್ಟಿಲು ಮೇಲಕ್ಕೆ ಸರಿಸಿದ್ದರೆ, ಅವನ ಅಂಕಗಳನ್ನು ಇನ್ನೊಬ್ಬನ ಹೆಸರಿನಿಂದ ಬಿಡಿಸಿ ತೆಗೆಯಬೇಕಾಗುತ್ತಿತ್ತು.

ಆದ್ದರಿಂದ, ಮನೆಯಲ್ಲಿ ಆ್ಯಪು ಬರೆಯುವ ಮಕ್ಕಳಿದ್ದರೆ, ಇಲ್ಲವೆ ಸ್ವಸಹಾಯ ಸಂಘದ ಲೆಕ್ಕವನ್ನೋ ಭಜನಾ ಮಂಡಳಿಯ ವಂತಿಗೆಯನ್ನೋ ಫೋನಿನಲ್ಲಿ ಇಡುವವರಿದ್ದರೆ, ಸಂಖ್ಯೆಯನ್ನು ಒಂದಕ್ಕೆ ಇಳಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಈ ಸಂಖ್ಯೆ ಬರೆದ ಚೀಟಿ, ರಸೀದಿ, ಸಂದೇಶ ಯಾರ ಕೈಯಲ್ಲಾದರೂ ಇದೆಯೆ? ಈ ಸಂಖ್ಯೆಯನ್ನು ಆಧರಿಸಿದ ಸಾಲುಗಳು ಬೇರೆ ಪುಸ್ತಕದಲ್ಲಿ ಉಳಿದಿವೆಯೆ? ಹಳೆಯದರ ಪ್ರತಿಯನ್ನು ತೆಗೆದಿಟ್ಟಾಗಿದೆಯೆ? ಮೊದಲೆರಡಕ್ಕೆ 'ಇಲ್ಲ', ಮೂರನೆಯದಕ್ಕೆ 'ಹೌದು' ಎಂಬ ಉತ್ತರ ಬಂದರೆ ಧಾರಾಳವಾಗಿ ಒಂದರಿಂದ ತೊಡಗಿ. ಪರೀಕ್ಷೆಯ ಸಾಲುಗಳ ವಿಷಯದಲ್ಲಿ ಅದೇ ಸರಿ. ಇಲ್ಲವಾದರೆ ಒಳಗಿನ ಸಂಖ್ಯೆಯನ್ನು ಅದರ ಪಾಡಿಗೆ ಏರಲು ಬಿಟ್ಟು, ಕಣ್ಣಿಗೆ ಕಾಣುವ ಸಂಖ್ಯೆಗೆ ಬೇರೆ ಅಂಕಣವನ್ನು ಮಾಡಿ, ವರ್ಷದ ಹೊದಿಕೆ ಕೊಡಿ. ಒಳಗಿನದು ಯಂತ್ರಕ್ಕೆ, ಹೊರಗಿನದು ಮನುಷ್ಯನ ಸಂತೋಷಕ್ಕೆ. ಎರಡನ್ನೂ ಒಂದೇ ಅಂಕಿಯಿಂದ ಪಡೆಯಲು ಹೋದದ್ದರಿಂದಲೇ ಅಂಗಡಿಯಲ್ಲಿ ಆ ಪ್ರಮಾದವಾದದ್ದು.

ನನ್ನ ಶಿಷ್ಯ ಈಗ ಹಾಗೆಯೇ ಮಾಡಿದ್ದಾನೆ. ಕಾವಲನ್ನೂ ತೆರೆದಿಟ್ಟಿದ್ದಾನೆ, ಬಾಕಿ ಇರುವ ಗಿರಾಕಿಯನ್ನು ಅಳಿಸಲು ಹೋದರೆ ಆ್ಯಪು ಒಪ್ಪುವುದಿಲ್ಲ. 2025ರ ದೀಪಾವಳಿಯ ಅಂಗಡಿ ಪೂಜೆಗೆ ಮಾವನ ಕಡದ ಚೀಟಿಯ ಮೇಲೆ 'ವಿಶ್ವಾವಸು 1' ಎಂದು ಮೂಡಿತಂತೆ. ಮಾವ ಅದನ್ನು ಕಣ್ಣಿಗೊತ್ತಿಕೊಂಡರು. ಸಂವತ್ಸರದ ಹೆಸರೊಂದೇ ಸಾಲದು, ಅರುವತ್ತು ವರ್ಷಗಳಿಗೆ ಅದೇ ಹೆಸರು ತಿರುಗಿ ಬರುತ್ತದೆ, ಆಗ ಇನ್ನೊಂದು 'ವಿಶ್ವಾವಸು 1' ಹುಟ್ಟುತ್ತದೆ ಎಂದು ಅಳಿಯ ಎಚ್ಚರಿಸಿದನಂತೆ. "ಅಷ್ಟ್ ಹೊತ್ತಿಗೆ ಅಂಗ್ಡಿ ನಿನ್ನ ಅಳಿಯಂದ್ ಆಗಿರತ್ತ್, ಅವ ಕಾಣ್ಕಂತ" ಎಂದರಂತೆ ಮಾವ.